ಗುರುವಿಗೆ ಏನು ಕೊಡೋಣ?
ವರ್ಷಾಂತ್ಯದ ಕೃತಜ್ಞತೆಯ ಕಾಣಿಕೆ ಕುರಿತು ಕೆಲವು ಮಾತು

ಮಾರ್ಚ್ ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮ ದ್ವಾರಕೆಯ ವಸತಿ ಸಂಕೀರ್ಣಗಳಲ್ಲಿ ಒಂದು ಪ್ರಶ್ನೆ ತಪ್ಪದೆ ತಲೆಯೆತ್ತುತ್ತದೆ. ರಸ್ತೆಬದಿಯ ಬೂರುಗದ ಮರಗಳು ಕೆಂಪು ಹೂ ಉದುರಿಸುತ್ತಿರುತ್ತವೆ. ಮಕ್ಕಳ ಪರೀಕ್ಷೆ ಮುಗಿದಿರುತ್ತದೆ, ಫಲಿತಾಂಶದ ದಿನ ಹತ್ತಿರ ಬಂದಿರುತ್ತದೆ. ನಮ್ಮ ಊರುಗಳಲ್ಲಾದರೆ ಹಳೆಯ ತರಗತಿಗೂ ಹೊಸ ತರಗತಿಗೂ ನಡುವೆ ದೀರ್ಘವಾದ ಬೇಸಗೆ ರಜೆಯಿರುತ್ತದೆ. ದೆಹಲಿಯಲ್ಲಿ ಹಾಗಲ್ಲ. ಏಪ್ರಿಲ್ ಮೊದಲ ದಿನಗಳಲ್ಲೇ ಹೊಸ ತರಗತಿ, ಹೊಸ ಶಿಕ್ಷಕಿ. ಒಂದು ವರ್ಷ ನಮ್ಮ ಮಗುವಿನ ಕೈಹಿಡಿದು ನಡೆಸಿದವರಿಗೆ ಕೃತಜ್ಞತೆ ಹೇಳಲು ಸಿಗುವುದು ನಡುವಿನ ನಾಲ್ಕಾರು ದಿನ ಮಾತ್ರ. ಆಗಲೇ ಲಿಫ್ಟಿನಲ್ಲಿ, ಉದ್ಯಾನದಲ್ಲಿ, ತರಕಾರಿ ಗಾಡಿಯ ಬಳಿಯಲ್ಲಿ ತಾಯಂದಿರು ಒಬ್ಬರನ್ನೊಬ್ಬರು ಕೇಳುತ್ತಾರೆ: "ಟೀಚರಿಗೆ ಈ ಸಲ ಏನು ಕೊಡುತ್ತೀರಿ?"

ಕೇಳಲು ಸರಳವಾದ ಪ್ರಶ್ನೆ. ಆದರೆ ಇದರೊಳಗೆ ನಮ್ಮ ಸಂಪ್ರದಾಯವಿದೆ, ಸರ್ಕಾರದ ನಿಯಮವಿದೆ, ಪೋಷಕರ ನಡುವಿನ ಪೈಪೋಟಿಯಿದೆ. ಎಲ್ಲಕ್ಕಿಂತ ಮಿಗಿಲಾಗಿ, ಏನನ್ನೂ ಕೊಡಲಾಗದ ಮನೆಯ ಮಗುವಿನ ಮನಸ್ಸೂ ಇದೆ. ಈ ವಿಷಯದಲ್ಲಿ ನಾವೇ ಒಮ್ಮೆ ಎಡವಿದ್ದರಿಂದ, ತಿಳಿದ ನಾಲ್ಕು ಮಾತನ್ನು ಓದುಗರೊಡನೆ ಹಂಚಿಕೊಳ್ಳಬೇಕೆನಿಸಿತು.

ಕಾಣಿಕೆಯೇ ಸಂಬಳವಾಗಿದ್ದ ಕಾಲ

ಗುರುವಿಗೆ ಕಾಣಿಕೆ ಕೊಡುವುದು ನಮಗೆ ಹೊಸದಲ್ಲ. ಸರ್ಕಾರಿ ಶಾಲೆಗಳು ಹಳ್ಳಿಹಳ್ಳಿಗೆ ಬರುವ ಮುನ್ನ ಕನ್ನಡನಾಡಿನ ಮಕ್ಕಳು ಅಕ್ಷರ ಕಲಿತದ್ದು ಕೂಲಿಮಠಗಳಲ್ಲಿ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದ ಆ ಅಯ್ಯಗಳಿಗೆ ತಿಂಗಳ ಸಂಬಳವೆಂಬುದು ಇರಲಿಲ್ಲ. ಮಕ್ಕಳ ಮನೆಯವರು ಕೊಡುವ ದವಸಧಾನ್ಯ, ಕಾಳುಕಡ್ಡಿ, ಚಿಲ್ಲರೆ ಹಣವೇ ಅವರ ಜೀವನಾಧಾರ. ಮಹಾನವಮಿ ಬಂದಾಗ ಮಕ್ಕಳು ಹೊಸ ಬಟ್ಟೆ ತೊಟ್ಟು, ಗುರುಗಳೊಡನೆ ಮನೆಮನೆಗೆ ಹೋಗಿ ಚೌಪದ ಹಾಡುತ್ತಿದ್ದರು. ಮನೆಯವರು ಹಾಡು ಕೇಳಿ ಗುರುಗಳಿಗೆ ತಮ್ಮ ಶಕ್ತ್ಯನುಸಾರ ಕಾಣಿಕೆ ಸಲ್ಲಿಸುತ್ತಿದ್ದರು. ನಮ್ಮ ಅಜ್ಜಂದಿರ ತಲೆಮಾರಿನವರಿಗೆ ಇದು ಕಣ್ಣಾರೆ ಕಂಡ ಸಂಗತಿ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅಂದಿನ ಕಾಣಿಕೆ ಎಂದರೆ ಗುರುವಿನ ಅನ್ನ. ಅದನ್ನು ಕೊಡದಿದ್ದರೆ ಊರಿಗೇ ಪಾಪ. ಇಂದಿನ ಶಿಕ್ಷಕಿಗೆ ಸಂಬಳ ಶಾಲೆಯಿಂದ ಬರುತ್ತದೆ, ಆ ಸಂಬಳಕ್ಕಾಗಿ ನಾವು ಶುಲ್ಕವನ್ನೋ ತೆರಿಗೆಯನ್ನೋ ಕಟ್ಟಿರುತ್ತೇವೆ. ಆದ್ದರಿಂದ ಇಂದಿನ ಕಾಣಿಕೆ ಜೀವನಾಧಾರವೂ ಅಲ್ಲ, ಸಲ್ಲಬೇಕಾದ ಬಾಕಿಯೂ ಅಲ್ಲ. ಅದಕ್ಕೆ ಉಳಿದಿರುವ ಅರ್ಥ ಒಂದೇ: "ನೀವು ಮಾಡಿದ್ದನ್ನು ನಾವು ಕಂಡಿದ್ದೇವೆ" ಎಂದು ಹೇಳುವುದು. ಕಾಣಿಕೆ ಎಂಬ ಪದದಲ್ಲಿಯೇ 'ಕಾಣು' ಇದೆಯಲ್ಲವೆ?

ಕಾಳಿದಾಸನ 'ರಘುವಂಶ'ದ ಐದನೆಯ ಸರ್ಗದಲ್ಲಿ ಬರುವ ಕೌತ್ಸನ ಕಥೆ ಅನೇಕರಿಗೆ ಗೊತ್ತು. ವಿದ್ಯೆ ಮುಗಿಸಿದ ಕೌತ್ಸ ಗುರುದಕ್ಷಿಣೆ ಏನು ಕೊಡಲೆಂದು ವರತಂತು ಮುನಿಯನ್ನು ಕೇಳುತ್ತಾನೆ. ನಿನ್ನ ಭಕ್ತಿಯೇ ಸಾಕೆನ್ನುತ್ತಾರೆ ಗುರುಗಳು. ಶಿಷ್ಯ ಬಿಡುವುದಿಲ್ಲ. ಹಟ ಮಾಡಿ ಮಾಡಿ ಕೇಳಿದಾಗ ಗುರುಗಳಿಗೆ ಸಿಟ್ಟು ಬಂದು, ಕಲಿತ ಹದಿನಾಲ್ಕು ವಿದ್ಯೆಗಳಿಗೆ ಹದಿನಾಲ್ಕು ಕೋಟಿ ತಂದುಕೊಡೆಂದು ಹೇಳಿಬಿಡುತ್ತಾರೆ. ಬಡ ಶಿಷ್ಯ ರಘು ಮಹಾರಾಜನ ಬಾಗಿಲಿಗೆ ಹೋಗಬೇಕಾಗುತ್ತದೆ. ಸಾಕೆಂದ ಗುರುವಿನ ಮಾತನ್ನು ಕೇಳದೆ ಕಾಣಿಕೆಯನ್ನು ಹಣದಿಂದ ಅಳೆಯಲು ಹೊರಟರೆ ಲೆಕ್ಕ ಎಲ್ಲಿಗೆ ಹೋಗಿ ಮುಟ್ಟುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಕಥೆ ಬೇಕಿಲ್ಲ.

ನಿಯಮ ಏನು ಹೇಳುತ್ತದೆ?

ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. 1973ರ ದೆಹಲಿ ಶಾಲಾ ಶಿಕ್ಷಣ ನಿಯಮಗಳಲ್ಲಿ 123ನೆಯದು ಶಿಕ್ಷಕರ ನಡತೆಗೆ ಸಂಬಂಧಿಸಿದ್ದು. ಶಿಕ್ಷಕರಾಗಲಿ, ಅವರ ಮನೆಯವರಾಗಲಿ, ಅವರ ಪರವಾಗಿ ಬೇರೆಯವರಾಗಲಿ ವಿದ್ಯಾರ್ಥಿಗಳಿಂದ ಅಥವಾ ಪೋಷಕರಿಂದ ಉಡುಗೊರೆ ಸ್ವೀಕರಿಸಬಾರದೆಂದು ಅದು ಹೇಳುತ್ತದೆ. ಸರ್ಕಾರಿ ಶಾಲೆ ಮತ್ತು ಕೇಂದ್ರೀಯ ವಿದ್ಯಾಲಯಗಳ ಶಿಕ್ಷಕರಿಗೆ ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳು ಅನ್ವಯಿಸುತ್ತವೆ. ಅಲ್ಲಿಯೂ ಉಡುಗೊರೆಯ ವಿಷಯದಲ್ಲಿ ಕಟ್ಟುನಿಟ್ಟಿದೆ. ಇವಲ್ಲದೆ ಅನೇಕ ಖಾಸಗಿ ಶಾಲೆಗಳು ತಮ್ಮದೇ ಆದ ಸುತ್ತೋಲೆ ಹೊರಡಿಸಿ, ಹೂವು ಮತ್ತು ಕೈಯಿಂದ ಮಾಡಿದ ಕಾರ್ಡಿನ ಹೊರತು ಬೇರೇನೂ ತರಬಾರದೆಂದು ತಿಳಿಸುತ್ತವೆ.

ಬ್ಯಾಂಕಿನಲ್ಲಿ ಕೆಲಸ ಮಾಡುವ ನಮಗೆ ಈ ನಿಯಮದ ಹಿಂದಿನ ವಿವೇಕ ಬೇಗ ಅರ್ಥವಾಗುತ್ತದೆ. ದೀಪಾವಳಿ ಬಂದಾಗ ಗ್ರಾಹಕರು ಗೋಡಂಬಿ, ದ್ರಾಕ್ಷಿಯ ಪೆಟ್ಟಿಗೆ ಹಿಡಿದು ಬರುತ್ತಾರೆ. ಬಹುತೇಕರ ಮನಸ್ಸಿನಲ್ಲಿ ಕಪಟವಿರುವುದಿಲ್ಲ. ಆದರೆ ಅವರ ಸಾಲದ ಅರ್ಜಿ ನಮ್ಮ ಮೇಜಿನ ಮೇಲೆ ಇರುವಾಗ ಆ ಪೆಟ್ಟಿಗೆಯ ತೂಕವೇ ಬೇರೆ. ತೆಗೆದುಕೊಂಡರೆ ಋಣದ ಭಾವ, ನಿರಾಕರಿಸಿದರೆ ಅವರಿಗೆ ಅವಮಾನ. ಶಿಕ್ಷಕಿಯ ಮೇಜಿನ ಮೇಲೂ ಹಾಗೆಯೇ ನಮ್ಮ ಮಗುವಿನ ಉತ್ತರ ಪತ್ರಿಕೆ ಇರುತ್ತದೆ. ಪರೀಕ್ಷೆಗೆ ಮುನ್ನ ಬಂದ ಕಾಣಿಕೆಯನ್ನು ಆಕೆ ಎಷ್ಟೇ ನಿರ್ಲಿಪ್ತರಾಗಿ ಸ್ವೀಕರಿಸಿದರೂ, ಕೊಡದಿದ್ದವರ ಮನಸ್ಸಿನಲ್ಲಿ ಸಂಶಯದ ಎಳೆಯೊಂದು ಹುಟ್ಟಿಯೇ ಹುಟ್ಟುತ್ತದೆ. ಹೀಗೆ ನಾವು ಗೌರವಿಸಲು ಹೊರಟವರನ್ನೇ ಮುಜುಗರಕ್ಕೆ ಸಿಲುಕಿಸಿರುತ್ತೇವೆ.

ನಾವು ಮಾಡಿದ ತಪ್ಪು

2014ರ ಫೆಬ್ರವರಿ ಕೊನೆ. ನಮ್ಮ ಮಗಳು ಆಗ ಐದನೆಯ ತರಗತಿಯಲ್ಲಿದ್ದಳು. ಪ್ರಾಥಮಿಕ ಹಂತ ಮುಗಿಯುತ್ತಿದೆಯೆಂದು ಪೋಷಕರೆಲ್ಲ ಸೇರಿ ತರಗತಿಯ ಶಿಕ್ಷಕಿಗೆ ಒಂದು ಜೊತೆ ಬೆಳ್ಳಿಯ ದೀಪ ಕೊಡುವುದೆಂದು ನಿಶ್ಚಯವಾಯಿತು. ನಲವತ್ತು ಮಕ್ಕಳು, ತಲಾ ಐನೂರು ರೂಪಾಯಿ. ಬ್ಯಾಂಕಿನವರೆಂಬ ಕಾರಣಕ್ಕೆ ಹಣ ಕೂಡಿಸುವ ಹೊಣೆ ನಮ್ಮ ಮೇಲೆ ಬಿತ್ತು. ನಾವೂ ವೃತ್ತಿಯ ಹುಮ್ಮಸ್ಸಿನಲ್ಲಿ ಅಚ್ಚುಕಟ್ಟಾದ ಪಟ್ಟಿಯೊಂದನ್ನು ತಯಾರಿಸಿದೆವು. ಮಗುವಿನ ಹೆಸರು, ಅದರ ಮುಂದೆ 'ಪಾವತಿ' ಅಥವಾ 'ಬಾಕಿ'. ದಿನವೂ ಸಂಜೆ ಅದನ್ನು ಪೋಷಕರ ವಾಟ್ಸ್ಯಾಪ್ ಗುಂಪಿಗೆ ಕಳುಹಿಸುತ್ತಿದ್ದೆವು. ನಾಲ್ಕನೆಯ ದಿನಕ್ಕೆ ಒಂದೇ ಒಂದು ಹೆಸರಿನ ಮುಂದೆ 'ಬಾಕಿ' ಉಳಿಯಿತು.

ಅದು ನಮ್ಮ ಸಂಕೀರ್ಣದ ಗೇಟಿನ ಬಳಿ ಬಟ್ಟೆ ಇಸ್ತ್ರಿ ಮಾಡುವವರ ಮಗನ ಹೆಸರು. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲಿ ಕನಿಷ್ಠ ಶೇಕಡಾ 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕು. ಇಂತಹ ಮೀಸಲು ಸ್ಥಾನದಲ್ಲಿಯೇ ಆ ಹುಡುಗ ಸೇರಿದ್ದ. ಅವನ ತಂದೆಯ ಬಳಿ ವಾಟ್ಸ್ಯಾಪ್ ಬರುವ ಫೋನು ಇರಲಿಲ್ಲ. ಆದರೆ ಮನೆಯಲ್ಲಿ ದೊಡ್ಡವರು ಆಡಿದ ಮಾತು ಮಕ್ಕಳ ಕಿವಿಗೆ ಬೀಳದೆ ಇರುತ್ತದೆಯೆ? ತರಗತಿಯಲ್ಲಿ ಯಾರೋ ಆಡಿದರು.

ಒಂದು ಸಂಜೆ ಆ ಹುಡುಗನ ತಾಯಿ ನಮ್ಮ ಬಾಗಿಲಿಗೆ ಬಂದರು. ಸೆರಗಿನ ತುದಿಯ ಗಂಟು ಬಿಚ್ಚಿ ಹತ್ತು, ಇಪ್ಪತ್ತರ ನೋಟುಗಳನ್ನು ಮೇಜಿನ ಮೇಲಿಟ್ಟರು. "ಎಣಿಸಿಕೊಳ್ಳಿ ಸಾಹೇಬರೇ. ಹುಡುಗ ಎರಡು ದಿನದಿಂದ ಶಾಲೆಗೆ ಹೋಗುತ್ತಿಲ್ಲ. ಅವನ ಹೆಸರಿನ ಮುಂದೆ ಬರೆದಿರುವುದನ್ನು ಅಳಿಸಿಬಿಡಿ" ಎಂದರು. ನಮ್ಮ ಮನೆಯವರು ಹಣ ಬೇಡವೆಂದರು. ಆಕೆ ಒಪ್ಪಲಿಲ್ಲ. "ಎಲ್ಲರೂ ಕೊಟ್ಟಿದ್ದಾರಲ್ಲ ದೀದಿ, ನಾವೇಕೆ ಕೊಡಬಾರದು?" ಎಂದು ಹೇಳಿ ಹೊರಟುಹೋದರು.

ಅಂದು ಒಂದು ಬಟ್ಟೆಯ ಇಸ್ತ್ರಿಗೆ ನಾಲ್ಕು ರೂಪಾಯಿ. ಐನೂರು ರೂಪಾಯಿ ಎಂದರೆ ನೂರಿಪ್ಪತ್ತೈದು ಬಟ್ಟೆ. ಲೆಕ್ಕ ಬಲ್ಲವರೆಂದು ಹೆಮ್ಮೆ ಪಡುತ್ತಿದ್ದ ನಾವು ಈ ಲೆಕ್ಕವನ್ನು ಮಾತ್ರ ಮಾಡಿರಲಿಲ್ಲ.

ಮುಂದೆ ನಡೆದದ್ದನ್ನೂ ಹೇಳಬೇಕು. ಫಲಿತಾಂಶದ ದಿನ ಶಿಕ್ಷಕಿ ದೀಪಗಳ ಪೆಟ್ಟಿಗೆ ತೆರೆದು ನೋಡಿ, ಮುಚ್ಚಿ ನಮ್ಮ ಕೈಗೇ ಕೊಟ್ಟರು. "ಇದನ್ನು ತೆಗೆದುಕೊಳ್ಳಲು ನಮಗೆ ಅನುಮತಿಯಿಲ್ಲ. ಇದ್ದಿದ್ದರೂ ನಾನು ತೆಗೆದುಕೊಳ್ಳುತ್ತಿರಲಿಲ್ಲ. ಕಾರ್ಡನ್ನು ಮಾತ್ರ ಇಟ್ಟುಕೊಳ್ಳುತ್ತೇನೆ" ಎಂದರು. ಮಕ್ಕಳೆಲ್ಲ ತಲಾ ಒಂದೆರಡು ಸಾಲು ಬರೆದಿದ್ದ ದೊಡ್ಡ ಕಾರ್ಡು ಅದು. ಅಲ್ಲೇ ನಿಂತು ಅದನ್ನು ಪೂರ್ತಿ ಓದಿದರು. ಬಹುತೇಕ ಮಕ್ಕಳು 'ನೀವು ಬಹಳ ಒಳ್ಳೆಯ ಟೀಚರ್' ಎಂದು ಬರೆದಿದ್ದರು. ನಮ್ಮ ಮಗಳೂ ಅಷ್ಟೇ. ಇಸ್ತ್ರಿಯವರ ಮಗ ಮಾತ್ರ, ಭಿನ್ನರಾಶಿ ಅರ್ಥವಾಗದೆ ತಾನು ಅತ್ತ ದಿನ ಟೀಚರ್ ಒಂದು ರೊಟ್ಟಿಯನ್ನು ಎಂಟು ತುಂಡು ಮಾಡಿ ತೋರಿಸಿದ್ದನ್ನು ಬರೆದಿದ್ದ. ಅದು ಆಕೆಯ ಊಟದ ಡಬ್ಬಿಯ ರೊಟ್ಟಿಯಾಗಿತ್ತಂತೆ. ಆ ಸಾಲಿನ ಮೇಲೆ ಬೆರಳಿಟ್ಟು ಶಿಕ್ಷಕಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು.

ದೀಪಗಳನ್ನು ಅಂಗಡಿಯವರು ಸ್ವಲ್ಪ ಕಡಿತ ಮಾಡಿಕೊಂಡು ಹಿಂದಕ್ಕೆ ತೆಗೆದುಕೊಂಡರು. ಕಡಿತವನ್ನು ನಾವೇ ಭರಿಸಿ ಎಲ್ಲರಿಗೂ ತಲಾ ಐನೂರು ಹಿಂದಿರುಗಿಸಿದೆವು. ಗೇಟಿನ ಬಳಿ ಆ ತಾಯಿಗೂ ಕೊಟ್ಟೆವು. ಆಕೆ ಎಣಿಸಿಕೊಂಡು ತೆಗೆದುಕೊಂಡರು. ಆದರೆ ಹುಡುಗ ಶಾಲೆಗೆ ಹೋಗದ ಆ ಎರಡು ದಿನಗಳನ್ನು ಹಿಂದಿರುಗಿಸುವ ದಾರಿ ನಮಗೆ ಇಂದಿಗೂ ತಿಳಿದಿಲ್ಲ.

ಹಾಗಾದರೆ ಏನು ಕೊಡುವುದು?

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಏನೂ ಕೊಡಬಾರದೆಂದು ಅರ್ಥವಲ್ಲ. ಕೃತಜ್ಞತೆಯನ್ನು ಬಾಯಿಬಿಟ್ಟು ಹೇಳುವುದನ್ನು ಮಕ್ಕಳು ನಮ್ಮಿಂದಲೇ ಕಲಿಯಬೇಕು. ಅನುಭವದಿಂದ ನಾವು ಕಂಡುಕೊಂಡ ಕೆಲವು ಸೂಚನೆಗಳು ಹೀಗಿವೆ.

ಮೊದಲನೆಯದು, ಸಮಯ. ಫಲಿತಾಂಶ ಕೈಗೆ ಬಂದ ಮೇಲೆಯೇ ಕೊಡಬೇಕು. ಆಗ ಅದರಲ್ಲಿ ಕೇಳಿಕೆಯ ನೆರಳೂ ಇರುವುದಿಲ್ಲ. ಅದಕ್ಕೂ ಮೊದಲು ಶಾಲೆಯ ಕಚೇರಿಯಲ್ಲಿ ಅವರ ನಿಯಮವೇನೆಂದು ಒಂದು ಮಾತು ಕೇಳಿಕೊಳ್ಳುವುದು ಉತ್ತಮ.

ಎರಡನೆಯದು, ಪತ್ರ. ಯಾವ ನಿಯಮವೂ ತಡೆಯದ, ಯಾವ ಮನೆಗೂ ಭಾರವಾಗದ ಕಾಣಿಕೆ ಇದೊಂದೇ. ಆದರೆ ಅಂಗಡಿಯಲ್ಲಿ ಅಚ್ಚಾದ ಮಾತಿಗೆ ಸಹಿ ಹಾಕಿದರೆ ಅದು ಪತ್ರವಾಗುವುದಿಲ್ಲ. ಮಗುವನ್ನು ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿ: ಟೀಚರ್ ಹೇಳಿಕೊಟ್ಟ ಯಾವ ಪಾಠ ನಿನಗೆ ನೆನಪಿದೆ? ಯಾವ ದಿನ ಅವರು ನಿನಗೆ ಸಹಾಯ ಮಾಡಿದರು? ಮೊದಲು ಬಾರದೆ ಈಗ ನಿನಗೆ ಬರುವುದು ಏನು? ಈ ಮೂರಕ್ಕೆ ಉತ್ತರ ಬರೆದರೆ ಪತ್ರ ಮುಗಿಯಿತು. ಅಕ್ಷರ ಸೊಟ್ಟಗಿದ್ದರೂ, ತಪ್ಪಿದ್ದರೂ ತಿದ್ದಬೇಡಿ. ಪೋಷಕರೂ ಪ್ರತ್ಯೇಕವಾಗಿ ನಾಲ್ಕು ಸಾಲು ಬರೆದು, ಅದರ ಪ್ರತಿಯೊಂದನ್ನು ಪ್ರಾಂಶುಪಾಲರಿಗೆ ಕಳುಹಿಸಿದರೆ ಅದು ಶಿಕ್ಷಕಿಯ ವೃತ್ತಿಗೂ ನೆರವಾಗುತ್ತದೆ. ದೂರು ಬರೆಯಲು ಪ್ರಾಂಶುಪಾಲರ ವಿಳಾಸ ಹುಡುಕುವ ನಾವು ಮೆಚ್ಚುಗೆ ಬರೆಯಲು ಹುಡುಕುವುದು ಅಪರೂಪ.

ಮೂರನೆಯದು, ಪುಸ್ತಕ. ತರಗತಿಯ ಮಕ್ಕಳೆಲ್ಲ ಸೇರಿ ಶಾಲೆಯ ಗ್ರಂಥಾಲಯಕ್ಕೆ ಶಿಕ್ಷಕಿಯ ಹೆಸರಿನಲ್ಲಿ ಕೆಲವು ಪುಸ್ತಕ ಕೊಡಬಹುದು. ಕಾಣಿಕೆ ಶಾಲೆಗೆ ಸೇರುತ್ತದೆ, ಗೌರವ ಶಿಕ್ಷಕಿಗೆ ಸಲ್ಲುತ್ತದೆ, ಮುಂದಿನ ವರ್ಷದ ಮಕ್ಕಳು ಓದುತ್ತಾರೆ. ಇಲ್ಲಿ ಕನ್ನಡಿಗರಾದ ನಮಗೆ ವಿಶೇಷ ಅವಕಾಶವೊಂದಿದೆ. ನಮ್ಮ ಮಕ್ಕಳ ಶಿಕ್ಷಕರಲ್ಲಿ ಹೆಚ್ಚಿನವರು ಹಿಂದಿ ಅಥವಾ ಪಂಜಾಬಿ ಮನೆಮಾತಿನವರು. ಅವರ ಶಾಲೆಯ ಕಪಾಟಿಗೆ ಅನುವಾದದಲ್ಲಿ ಕನ್ನಡವನ್ನು ತಲುಪಿಸಬಹುದು. ಗಿರೀಶ ಕಾರ್ನಾಡರ 'ತುಘಲಕ್' ಹಿಂದಿಯಲ್ಲಿದೆ, 1970ರ ದಶಕದಲ್ಲಿ ಇಬ್ರಾಹಿಂ ಅಲ್ಕಾಜಿಯವರು ಇದೇ ದೆಹಲಿಯ ಪುರಾನಾ ಕಿಲಾದಲ್ಲಿ ಅದನ್ನು ಆಡಿಸಿದ್ದರು. ಭೈರಪ್ಪನವರ 'ಪರ್ವ' ಹಿಂದಿಗೆ ಬಂದಿದೆ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕರ ಕಥೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ 'ಹಾರ್ಟ್ ಲ್ಯಾಂಪ್' ಎಂಬ ಹೆಸರಿನಲ್ಲಿ ದೊರೆಯುತ್ತವೆ. ಇವೆಲ್ಲ ದೊಡ್ಡವರ ಓದು. ಶಾಲೆಯಲ್ಲಿ ಶಿಕ್ಷಕರಿಗೆಂದೇ ಇರುವ ಕಪಾಟಿಗೆ ಇವು ಒಪ್ಪುತ್ತವೆ.

ನಾಲ್ಕನೆಯದು, ಸಣ್ಣ ನೆನಪಿನ ವಸ್ತು. ಶಾಲೆ ಅನುಮತಿಸಿದರೆ ಮಾತ್ರ ಇದು. ನೀಲಿ ಮಾರ್ಗದ ಮೆಟ್ರೋದಲ್ಲಿ ರಾಜೀವ್ ಚೌಕದವರೆಗೆ ಹೋದರೆ ಬಾಬಾ ಖಡಕ್ ಸಿಂಗ್ ಮಾರ್ಗದಲ್ಲಿ ರಾಜ್ಯಗಳ ಕರಕುಶಲ ಮಳಿಗೆಗಳ ಸಾಲಿದೆ. ಅಲ್ಲಿ ನಮ್ಮ ನಾಡಿನ 'ಕಾವೇರಿ'ಯೂ ಉಂಟು. ಹಾಲೆ ಮರದ ಮೇಲೆ ಅರಗಿನ ಬಣ್ಣ ಹಚ್ಚಿದ ಚನ್ನಪಟ್ಟಣದ ಒಂದು ಚಿಕ್ಕ ಬೊಂಬೆಯಾಗಲಿ, ಒಂದು ಶ್ರೀಗಂಧದ ಸಾಬೂನಾಗಲಿ ಸಾಕು. ಎಷ್ಟರ ಮಟ್ಟಿಗೆ ಸರಿ ಎಂಬ ಅನುಮಾನ ಬಂದರೆ ನಮ್ಮ ಅಳತೆಗೋಲು ಇದು: ಶಿಕ್ಷಕಿ ಅದನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಡಬಲ್ಲರೆ? ಚೀಲದೊಳಗೆ ಬಚ್ಚಿಟ್ಟು ಮನೆಗೆ ಒಯ್ಯಬೇಕಾದ ವಸ್ತುವನ್ನು ಕೊಡಲೇಬಾರದು. ಹಣ, ಉಡುಗೊರೆಯ ಕೂಪನ್ನು, ಬೆಳ್ಳಿ, ಬಂಗಾರ, ರೇಷ್ಮೆ ಸೀರೆ ಇವೆಲ್ಲ ಆ ಸಾಲಿಗೆ ಸೇರುತ್ತವೆ.

ಐದನೆಯದು, ಕೂಡಿ ಕೊಡುವಾಗ ಪಾಲಿಸಬೇಕಾದ ಎಚ್ಚರ. ತಲಾ ಇಷ್ಟೆಂದು ನಿಗದಿ ಮಾಡಬೇಡಿ. ಪಟ್ಟಿ ಬರೆಯಬೇಡಿ. ಹೆಸರಿಲ್ಲದ ಲಕೋಟೆಗಳನ್ನು ಎಲ್ಲರಿಗೂ ಕೊಟ್ಟು, ಅಂಟಿಸಿದ ಲಕೋಟೆಯನ್ನೇ ಹಿಂದಕ್ಕೆ ಪಡೆಯಿರಿ. ಹತ್ತು ರೂಪಾಯಿ ಇರಲಿ, ಖಾಲಿಯೇ ಇರಲಿ, ಯಾರದೆಂದು ಯಾರಿಗೂ ತಿಳಿಯದು. ಒಟ್ಟು ಎಷ್ಟಾಯಿತೋ ಅಷ್ಟರಲ್ಲಿ ಕೊಳ್ಳಿ. ಕಾರ್ಡಿನಲ್ಲಿ ಮಾತ್ರ ಎಲ್ಲ ಮಕ್ಕಳ ಹೆಸರೂ ಇರಲೇಬೇಕು.

ಆರನೆಯದು, ನಾವು ಮರೆಯುವವರು. ಸಂಗೀತದ ಶಿಕ್ಷಕರು, ಆಟದ ಮೇಷ್ಟರು, ಗ್ರಂಥಾಲಯದವರು, ಮಗುವನ್ನು ಬಸ್ಸಿನಿಂದ ಇಳಿಸಿಕೊಳ್ಳುವ ಆಯಾ, ಮಂಜು ಕವಿದ ಜನವರಿಯ ಬೆಳಗಿನಲ್ಲೂ ಸಮಯಕ್ಕೆ ಸರಿಯಾಗಿ ಬರುವ ಬಸ್ಸಿನ ಚಾಲಕ. ಇವರ ಹೆಸರೇ ನಮಗೆ ತಿಳಿದಿರುವುದಿಲ್ಲ. ಹೆಸರು ಕೇಳಿ ತಿಳಿದು, ಆ ಹೆಸರಿಗೆ ಮಗುವಿನಿಂದ ಒಂದು ಕಾರ್ಡು ಬರೆಸಿದರೆ ಅದೂ ದೊಡ್ಡದೇ. ವಾರಾಂತ್ಯದಲ್ಲಿ ಸಂಬಳವಿಲ್ಲದೆ ನಮ್ಮ ಮಕ್ಕಳಿಗೆ ಅ ಆ ಇ ಈ ಕಲಿಸುವ ಕನ್ನಡ ತರಗತಿಯ ಬಂಧುಗಳಿದ್ದರೆ ಅವರನ್ನೂ ಮರೆಯುವಂತಿಲ್ಲ. ಅವರಿಗೆ ಮಗು ಕನ್ನಡದಲ್ಲಿಯೇ ಬರೆದ ಪತ್ರಕ್ಕಿಂತ ಮಿಗಿಲಾದ ಕಾಣಿಕೆ ಬೇರೆ ಯಾವುದಿದೆ?

ಮೈಸೂರಿನ ಒಂದು ಬೀಳ್ಕೊಡುಗೆ

ಸೆಪ್ಟೆಂಬರ್ 5ರಂದು ನಾವು ಶಿಕ್ಷಕರ ದಿನ ಆಚರಿಸುವುದು ಡಾ. ಸರ್ವೇಪಲ್ಲಿ ರಾಧಾಕೃಷ್ಣನ್ ಅವರ ಜನ್ಮದಿನದ ನೆನಪಿಗೆ. ಅವರು ರಾಷ್ಟ್ರಪತಿಗಳಾದ 1962ರಿಂದ ಈ ಪದ್ಧತಿ ನಡೆದುಬಂದಿದೆ. ಆದರೆ ಅವರಿಗೆ ಸಂದ ಅತ್ಯಂತ ದೊಡ್ಡ ಗೌರವ ಅದಕ್ಕೂ ನಾಲ್ಕು ದಶಕ ಹಿಂದೆ, ನಮ್ಮ ಮೈಸೂರಿನಲ್ಲಿ ಸಂದಿತ್ತೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. 1918ರಿಂದ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದ ಅವರು 1921ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯಕ್ಕೆ ಹೊರಟರು. ಅಂದು ವಿದ್ಯಾರ್ಥಿಗಳು ಸಾರೋಟನ್ನು ಹೂಗಳಿಂದ ಅಲಂಕರಿಸಿ, ಕುದುರೆಗಳ ಬದಲು ತಾವೇ ಹೆಗಲು ಕೊಟ್ಟು ರೈಲು ನಿಲ್ದಾಣದವರೆಗೆ ಎಳೆದೊಯ್ದರು. ಹೂವಿನ ಖರ್ಚು ಬಿಟ್ಟರೆ ಅದಕ್ಕೆ ಬೆಲೆಯಿರಲಿಲ್ಲ. ನೂರು ವರ್ಷ ಕಳೆದರೂ ನಾಡು ಅದನ್ನು ನೆನೆಯುತ್ತಿದೆ.

ಕುವೆಂಪು ಅವರೂ ತಮ್ಮ ಮಹಾಕಾವ್ಯ 'ಶ್ರೀರಾಮಾಯಣದರ್ಶನಂ' ಅನ್ನು ಅರ್ಪಿಸಿದ್ದು ತಮ್ಮ ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ. ಕಾವ್ಯ ಬೆಳಕು ಕಾಣುವ ಹೊತ್ತಿಗೆ ಗುರುಗಳು ತೀರಿಕೊಂಡು ಹತ್ತು ವರ್ಷವಾಗಿತ್ತು. ಕಲಿತದ್ದರಿಂದ ತಾನು ಏನಾದೆನೆಂದು ತೋರಿಸುವುದೇ ಶಿಷ್ಯ ಕೊಡಬಹುದಾದ ಕೊನೆಯ ಕಾಣಿಕೆ. ಅದಕ್ಕೆ ಕಾಲಮಿತಿಯಿಲ್ಲ. ಹತ್ತು ವರ್ಷದ ನಂತರ ಹಳೆಯ ಶಾಲೆಗೆ ಹೋಗಿ "ನಮಸ್ಕಾರ ಮ್ಯಾಡಮ್, ನಾನು ನಿಮ್ಮ ವಿದ್ಯಾರ್ಥಿ" ಎಂದು ನಿಲ್ಲುವ ಯುವಕನನ್ನು ಕಂಡು ಹಿಗ್ಗದ ಶಿಕ್ಷಕರುಂಟೆ?

ನಮ್ಮ ಮಗಳು ಈಗ ದೊಡ್ಡವಳಾಗಿದ್ದಾಳೆ, ಶಾಲೆಯ ಕಾಣಿಕೆಯ ಚಿಂತೆ ನಮ್ಮ ಮನೆಯಲ್ಲಿಲ್ಲ. ಆದರೂ ಮಾರ್ಚ್ ಬಂದಾಗ ಗೇಟಿನ ಬಳಿ ಇಸ್ತ್ರಿ ಪೆಟ್ಟಿಗೆಯ ಕಾವು ತಾಗಿದರೆ ಆ ಪಟ್ಟಿ ನೆನಪಾಗುತ್ತದೆ. ಚಿಕ್ಕ ಮಕ್ಕಳಿರುವ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಈ ಸಲ ಅಂಗಡಿಗೆ ಹೋಗುವ ಮುನ್ನ ಮಗುವಿನ ಕೈಗೆ ಒಂದು ಹಾಳೆ, ಒಂದು ಪೆನ್ಸಿಲ್ ಕೊಡಿ. ಆ ಹಾಳೆ ತುಂಬಿದ ಮೇಲೂ ಏನಾದರೂ ಕೊಡಬೇಕೆನಿಸಿದರೆ, ತರಗತಿಯಲ್ಲಿ ಎಲ್ಲರಿಗಿಂತ ಬಡವನಾದ ಮಗುವೂ ಕೊಡಬಹುದಾದದ್ದನ್ನೇ ಆರಿಸಿ.